ಬುಕ್‌ಮಾರ್ಕ್ ಪಟ್ಟಿಗೆ ಬಂದ ಹೊಸಬ

ಮುಂದೆ ಬೇಕಾದೀತೆಂದು ವೆಬ್ ಡಿಸೈನರ್ ವಾದಿರಾಜ ಬಣ್ಣ ಹೊಂದಿಸಿಕೊಡುವ ಟೂಲ್ ಒಂದನ್ನು ಬುಕ್‌ಮಾರ್ಕ್ ಮಾಡಿಕೊಂಡ.

"ದಾರಿ ಬಿಡಿ! ಸೀರೆ ಅಂಗಡಿಯ ವೆಬ್‌ಸೈಟ್ ಸಂಜೆಯೊಳಗೆ ಮುಗಿಯಬೇಕಂತೆ. ಈಗಲೋ ಆಗಲೋ ನನಗೆ ಕರೆ ಬರುತ್ತದೆ," ಎಂದು ಅದು ಪಟ್ಟಿಯೊಳಗೆ ಗತ್ತಿನಿಂದ ಕಾಲಿಟ್ಟಿತು.

"ಕೂತುಕೋ ತಮ್ಮಾ," ಎಂದಿತು ಫಾಂಟ್ ಹುಡುಕಿಕೊಡುವ ಹಳೆಯ ಟೂಲ್. "ನಾನು ಆರು ವರ್ಷದಿಂದ ಟೊಂಕ ಕಟ್ಟಿ ನಿಂತಿದ್ದೇನೆ."

ಸಂಜೆ ವಾದಿರಾಜ ಹೋದ ವರ್ಷ ಮಾಡಿದ್ದ ಪಾತ್ರೆ ಅಂಗಡಿಯ ವೆಬ್‌ಸೈಟಿನ ಹೆಸರನ್ನಷ್ಟೇ ಬದಲಿಸಿ, ಸೀರೆ ಅಂಗಡಿಗೆ ಒಪ್ಪಿಸಿದ. ಹೊಸ ಟೂಲಿನ ಮುಖ ಸಣ್ಣಗಾಯಿತು.

ಮರುದಿನ ಅವನು ಇಡೀ ಪಟ್ಟಿಯನ್ನೇ ತೆರೆದ.

"ನೋಡಿದಿರಾ, ಬಂತು ಕರೆ!" ಎಂದು ಹೊಸ ಟೂಲ್ ಎದ್ದು ನಿಂತಿತು.

ವಾದಿರಾಜ ಎಲ್ಲರ ಹೆಸರನ್ನೂ ಬರೆದುಕೊಂಡು, ‘ನಾನು ದಿನಾ ಬಳಸುವ ಐವತ್ತು ಟೂಲ್‌ಗಳು’ ಎಂಬ ಲೇಖನ ಹಾಕಿದ. ಮಧ್ಯಾಹ್ನದೊಳಗೆ ಸಾವಿರ ಡಿಸೈನರುಗಳು ಅದನ್ನು ಬುಕ್‌ಮಾರ್ಕ್ ಮಾಡಿಕೊಂಡರು.