ಹಲಗೆಯ ಮೇಲಿನ ಪೆಟ್ಟಿಗೆ

"ಮೇಷ್ಟ್ರೇ, ಎಂಟು ದಿನದಿಂದ ನೀವು ನನ್ನ ಒಂದು ತಪ್ಪನ್ನೂ ತಿದ್ದಿಲ್ಲ. ನನ್ನ ಕೈ ಪಳಗಿತು ಅಂತ ತಿಳಿಯಲೇ?"

ಹಾಲೇಶನೆಂಬ ಶಿಷ್ಯ ಹೀಗೆ ಕೇಳಿದ. ಅವನು ದಾವಣಗೆರೆಯ ರುದ್ರಮುನಿ ಮೇಷ್ಟ್ರ ಬಳಿ ಎರಡು ವರ್ಷದಿಂದ ಬೇಸ್ ಗಿಟಾರ್ ಕಲಿಯುತ್ತಿದ್ದ. ಪಾಠ ನಡೆಯುತ್ತಿದ್ದದ್ದು ಮೇಷ್ಟ್ರ ಮನೆಯ ಅಟ್ಟದಲ್ಲಿ, ಮರದ ಹಲಗೆಯ ನೆಲದ ಮೇಲೆ. ತಪ್ಪು ಹಿಡಿಯುವುದರಲ್ಲಿ ಮೇಷ್ಟ್ರು ಯಾರಿಗೂ ದಾಕ್ಷಿಣ್ಯ ತೋರಿದವರಲ್ಲ. ಒಂದು ಪಾಠದಲ್ಲಿ ಹತ್ತು ಸಲವಾದರೂ ಕೈ ಎತ್ತಿ ನಿಲ್ಲಿಸುತ್ತಿದ್ದರು. ಅಂಥವರು ಈಗ ಬರಿಗಾಲನ್ನು ಹಲಗೆಯ ಮೇಲೆ ಊರಿ ಸುಮ್ಮನೆ ಕುಳಿತಿರುತ್ತಿದ್ದರು. ಕೊನೆಗೆ "ಹೋಗಿ ಬಾ" ಎನ್ನುತ್ತಿದ್ದರು, ಅಷ್ಟೇ.

ಹಾಲೇಶ ಗಿಟಾರಿನ ಮೇಲೆ ಬಗ್ಗಿಕೊಂಡೇ ಮತ್ತೆ ಏನೋ ಹೇಳಿದ.

"ಮುಖ ಎತ್ತಿ ಹೇಳಪ್ಪ" ಎಂದರು ಮೇಷ್ಟ್ರು.

ಅವನು ಮುಖ ಎತ್ತಿದ. "ಹೊಸ ತಂತಿ ಕಟ್ಟಿದೆ. ಪಿಕಪ್ ಬದಲಿಸಿದೆ. ಇಲ್ಲಿನ ಸ್ಪೀಕರ್ ಪೆಟ್ಟಿಗೆ ಗುಂಯ್‌ಗುಡದ ಹಾಗೆ ಅಡಿಗೆ ರಬ್ಬರ್ ಹಾಸಿದೆ. ಇನ್ನು ಈ ವಾದ್ಯಕ್ಕೆ ಮಾಡುವುದೇನೂ ಉಳಿದಿಲ್ಲ ಅಲ್ಲವೇ?"

ಮೇಷ್ಟ್ರು ಈ ಕತೆ ಹೇಳಿದರು.

ಒಂದು ಆರ್ಕೆಸ್ಟ್ರಾದಲ್ಲಿ ಒಬ್ಬ ಬೇಸ್ ಗಿಟಾರಿನವನಿದ್ದ. ಮದುವೆಗಳಲ್ಲಿ ಜನ ಊಟಕ್ಕೆ ಕುಳಿತಾಗ, ಹಲಗೆ ಜೋಡಿಸಿದ ವೇದಿಕೆಯ ಮೇಲೆ ಅವರ ಕಾರ್ಯಕ್ರಮ. ಬೇಸ್‌ನವನ ಹಣೆಬರಹ ನಿನಗೂ ಗೊತ್ತಲ್ಲ. ಹಾಡುವವರಿಗೆ ಚಪ್ಪಾಳೆ, ಕೀಬೋರ್ಡಿನವನಿಗೆ ಶಿಳ್ಳೆ. ಇವನನ್ನು ಮಾತ್ರ ಫೋಟೋ ತೆಗೆಯುವವನೂ "ಸ್ವಲ್ಪ ಆಚೆ ಸರೀರಿ" ಎನ್ನುತ್ತಿದ್ದ.

ಒಂದು ಮದುವೆಯಲ್ಲಿ ಗಂಡಿನ ಕಡೆಯ ಹಿರಿಯರೊಬ್ಬರು ಎಲೆಅಡಿಕೆ ಜಗಿಯುತ್ತ ವೇದಿಕೆಯ ಬಳಿ ಬಂದರು. ಅವನ ಗಿಟಾರನ್ನೇ ಬಹಳ ಹೊತ್ತು ನೋಡಿದರು. ಸದ್ಯ, ಒಬ್ಬರಾದರೂ ನೋಡಿದರಲ್ಲ ಎಂದು ಅವನು ಎದೆ ಸೆಟೆಸಿ ನಿಂತ.

"ಅಲ್ಲಪ್ಪಾ, ಪಕ್ಕದವನ ಗಿಟಾರಿಗೆ ಆರು ತಂತಿ ಅದಾವೆ. ನಿಂದಕ್ಕೆ ನಾಕೇ ಐತಲ್ಲ. ಎಲ್ಡು ಹರ್ದೋದ್ವಾ?" ಎಂದು ಅವರು ಕೇಳಿದರು.

ನಗಬೇಡ. ನಿನ್ನನ್ನು ಕೇಳಿದ್ದರೆ ನಿನಗೂ ನಾಟುತ್ತಿತ್ತು. ಅವನಿಗೆ ಅಂದಿನ ಊಟ ಸೇರಲಿಲ್ಲ.

ಅಂದಿನಿಂದ ಅವನಿಗೆ ಒಂದೇ ಗೀಳು. ವರ್ಷಗಟ್ಟಲೆ ಬದಲಿಸದೆ ಸತ್ತುಹೋಗಿದ್ದ ತಂತಿಗಳನ್ನು ಬಿಚ್ಚಿ ಹೊಸ ಉಕ್ಕಿನ ತಂತಿ ಕಟ್ಟಿದ. ತಂತಿಯ ದನಿ ಹಿಡಿಯುವ ಪಿಕಪ್ಪನ್ನು ತೆಗೆದು ಹೆಚ್ಚು ಚುರುಕಾದದ್ದನ್ನು ಹಾಕಿದ. ತಂತಿ ಕೂರುವ ಬ್ರಿಡ್ಜನ್ನು ಹಿತ್ತಾಳೆಯಲ್ಲಿ ಮಾಡಿಸಿದ. ಹಿಡಿಯನ್ನು ತನ್ನ ಅಂಗೈ ಅಳತೆಗೆ ಪಾಲಿಶ್ ಪೇಪರಿನಿಂದ ತಾನೇ ಉಜ್ಜಿ ಉಜ್ಜಿ ನಯ ಮಾಡಿದ. ಇದರಲ್ಲಿ ತಪ್ಪೇನೂ ಇಲ್ಲ. ತನ್ನ ವಾದ್ಯವನ್ನು ಪ್ರೀತಿಸದವನ ಕೈಯಲ್ಲಿ ಯಾವ ವಾದ್ಯ ನುಡಿದೀತು?

ಇಷ್ಟೆಲ್ಲ ಆದರೂ ದನಿಯಲ್ಲಿ ಒಂದು ಕೊರತೆ ಉಳಿದಿತ್ತು. ಸ್ಪೀಕರ್ ಪೆಟ್ಟಿಗೆ ಹಲಗೆಯ ಮೇಲೆ ಕುಳಿತಿರುತ್ತಿತ್ತು. ಅವನು ದಪ್ಪ ತಂತಿ ಮೀಟಿದರೆ ಹಲಗೆಗಳೂ ಗುಂಯ್ ಎನ್ನುತ್ತಿದ್ದವು. ಮೇಲಿನಿಂದ ಎಷ್ಟು ತಿಳಿಯಾಗಿ ಬಂದರೂ ಕೆಳಗಿನಿಂದ ರಾಡಿಯಾಗುತ್ತಿತ್ತು. ಅವನು ಹಳೆಯ ಹಾಸಿಗೆಯ ಸ್ಪಂಜು ಕತ್ತರಿಸಿ ಪೆಟ್ಟಿಗೆಯ ಅಡಿಗೆ ಇಟ್ಟ. ಹಲಗೆಗಳು ಬಾಯಿ ಮುಚ್ಚಿದವು. ಆ ದಿನ ಮೊದಲ ಬಾರಿಗೆ ಅವನಿಗಾಗಿ ಒಬ್ಬರು ಚಪ್ಪಾಳೆ ತಟ್ಟಿದರು.

ಆ ಆರ್ಕೆಸ್ಟ್ರಾದಲ್ಲಿ ಒಬ್ಬ ಹಿರಿಯ ಗಾಯಕಿ ಇದ್ದರು. ಇಪ್ಪತ್ತು ವರ್ಷದಿಂದ ಹಾಡುತ್ತಿದ್ದರು. ಹಾಡಿನಿಂದಲೇ ಅವರ ಮನೆ ನಡೆಯಬೇಕಿತ್ತು. ಅವರು ಚಪ್ಪಲಿಯನ್ನು ಕೆಳಗೇ ಬಿಟ್ಟು ವೇದಿಕೆ ಹತ್ತುತ್ತಿದ್ದರು. ಹತ್ತಿದ ಮೇಲೆ ಬೇಸ್‌ನವನ ಪೆಟ್ಟಿಗೆಯ ಮುಂದಿನ ಹಲಗೆಯ ಮೇಲೆಯೇ ನಿಲ್ಲುತ್ತಿದ್ದರು. ವೇದಿಕೆಯ ಮೇಲೆ ಅವರಿಗೆ ಅಷ್ಟು ಭಕ್ತಿ ಎಂದು ಎಲ್ಲರೂ ತಿಳಿದಿದ್ದರು.

ಸ್ಪಂಜು ಇಟ್ಟ ಮದುವೆಯಲ್ಲಿ ಅವರು ಚರಣವನ್ನು ಒಂದು ಪೆಟ್ಟು ತಡವಾಗಿ ಎತ್ತಿಕೊಂಡರು. ಮುಂದಿನ ಮದುವೆಯಲ್ಲಿ ಎರಡು ಹಾಡು ಹಾಗೇ ಆಯಿತು. ಜನ ಎಲೆಯಿಂದ ತಲೆ ಎತ್ತಿ ನೋಡಿದರು. ಬೇಸ್‌ನವನಿಗೆ ಸಿಟ್ಟು ಬಂತು. ಈಗತಾನೇ ತನ್ನ ದನಿ ಕೇಳತೊಡಗಿದೆ, ಈಗಲೇ ಇವರು ಹಾಡನ್ನು ಕೆಡಿಸಬೇಕೇ? ಅವನೇ ಆರ್ಕೆಸ್ಟ್ರಾದ ಯಜಮಾನನ ಬಳಿ ಹೋಗಿ, ಅಕ್ಕನಿಗೆ ವಯಸ್ಸಾಯಿತು, ತಾಳ ನಿಲ್ಲುತ್ತಿಲ್ಲ ಎಂದು ಚಾಡಿ ಹೇಳಿದ. ಯಜಮಾನ ಕೆಟ್ಟವನಲ್ಲ. ಇನ್ನೊಂದು ಮದುವೆ ನೋಡೋಣ, ಅದರಲ್ಲೂ ತಪ್ಪಿದರೆ ಬೇರೆಯವರನ್ನು ಕರೆಸೋಣ ಎಂದ. ಆ ಮಾತನ್ನು ಗಾಯಕಿಗೂ ತಿಳಿಸಿದ.

ಆ ಮದುವೆಯ ದಿನ ಗಾಯಕಿ ಎಲ್ಲರಿಗಿಂತ ಮೊದಲೇ ಬಂದಿದ್ದರು. ಬೇಸ್‌ನವನು ತಂತಿ ಶ್ರುತಿ ಮಾಡಿಕೊಳ್ಳುತ್ತಿದ್ದ. ಅವರು ಒಂದು ಹಲಗೆಯ ಮೇಲೆ ನಿಂತರು. ಆಮೇಲೆ ಇನ್ನೊಂದರ ಮೇಲೆ ನಿಂತರು. ಕೊನೆಗೆ ಮಂಡಿಯೂರಿ ಕುಳಿತು, ರೇಷ್ಮೆ ಸೀರೆಯ ಸೆರಗು ಧೂಳಾಗುವುದನ್ನೂ ನೋಡದೆ, ಹಲಗೆಯ ಮೇಲೆ ಎರಡೂ ಅಂಗೈ ಊರಿದರು.

ಅವನು ಹತ್ತಿರ ಹೋದ. "ಏನಕ್ಕಾ, ಏನಾರ ಬಿತ್ತಾ?" ಎಂದು ಕೇಳಿದ.

ಅವರು ಅವನ ತುಟಿಯನ್ನೇ ನೋಡಿದರು. ಆಮೇಲೆ ಹೇಳಿದರು: "ನಿನ್ನೇ ಹುಡುಕ್ತಿದೀನಿ ತಮ್ಮಾ. ಮೂರು ವರ್ಷ ಆತು, ಗದ್ದಲದಾಗೆ ನನ್ನ ಕಿವಿಗೆ ಏನೂ ಬೀಳಲ್ಲ. ಯಾರಿಗೂ ಹೇಳಿಲ್ಲ. ಸ್ವರ ಗಂಟಲಿಗೆ ಗೊತ್ತೈತೆ. ತಾಳ ಮಾತ್ರ ನೀನು ನುಡಿಸಿದ್ದು ಅಂಗಾಲಿಗೆ ಬರ್ತಿತ್ತು, ಅದನ್ನ ಹಿಡ್ಕಂಡು ಹಾಡ್ತಿದ್ದೆ. ಈಗೀಗ ಬರ್ತಿಲ್ಲ. ನನ್ನ ಮ್ಯಾಲೆ ಏನಾರ ಸಿಟ್ಟಾ?"

ಮೂರು ವರ್ಷ ತನ್ನನ್ನು ಯಾರೂ ಕೇಳುತ್ತಿಲ್ಲ ಎಂದು ಅವನು ಕೊರಗಿದ್ದ. ಅಷ್ಟೂ ದಿನ ಒಬ್ಬರು ಅವನನ್ನು ಬಿಟ್ಟು ಬೇರೆ ಯಾರನ್ನೂ ಕೇಳುತ್ತಿರಲಿಲ್ಲ. ಅವರ ಅನ್ನಕ್ಕೇ ಅವನು ಕಲ್ಲು ಹಾಕಲು ಹೊರಟಿದ್ದ. ಚಾಡಿ ಹೇಳಿದ್ದನ್ನು ಅವನು ಆಗಲೇ ಒಪ್ಪಿಕೊಂಡನೋ ಇಲ್ಲವೋ ನನಗೆ ಗೊತ್ತಿಲ್ಲ. ಒಪ್ಪಿಕೊಂಡಿರಬೇಕು ಎಂದು ನನ್ನ ಆಸೆ.

ಅವನು ಹೋಗಿ ಪೆಟ್ಟಿಗೆಯನ್ನು ಎತ್ತಿ ಸ್ಪಂಜನ್ನು ಎಳೆದು ಹಾಕಿದ. ದಪ್ಪ ತಂತಿಯನ್ನು ಒಮ್ಮೆ ಮೀಟಿದ. ಹಲಗೆಗಳು ಮೊದಲಿನಂತೆ ಗುಂಯ್ ಎಂದವು. ಗಾಯಕಿ ಕಣ್ಣು ಮುಚ್ಚಿಕೊಂಡರು. ಅವರ ಕಾಲಿನ ಹೆಬ್ಬೆರಳು ತಾಳ ಹಾಕಿತು.

ಅಂದು ಅವರು ಒಂದು ಚರಣವನ್ನೂ ತಡವಾಗಿ ಎತ್ತಲಿಲ್ಲ. ಯಜಮಾನ ಇದೇನು ಎಂದು ಕೇಳಿದಾಗ ಬೇಸ್‌ನವನು, ಅವರ ಕಿವಿಯ ಸುದ್ದಿ ಎತ್ತದೆ, ತಪ್ಪು ನನ್ನ ಪೆಟ್ಟಿಗೆಯದಾಗಿತ್ತು ಎಂದಷ್ಟೇ ಹೇಳಿದ. ಆಮೇಲೆ ಐದು ವರ್ಷ ಅವರು ಹಾಡಿದರು. ಅವನ ದನಿ ರಾಡಿಯಾಗಿಯೇ ಉಳಿಯಿತು. ಹೊಸ ತಂತಿ, ಹೊಸ ಪಿಕಪ್, ಹಿತ್ತಾಳೆಯ ಬ್ರಿಡ್ಜ್ ಎಲ್ಲ ಹಾಗೇ ಇದ್ದವು. ಅವನಿಗಾಗಿ ಮತ್ತೆ ಯಾರೂ ಚಪ್ಪಾಳೆ ತಟ್ಟಲಿಲ್ಲ.

ಮೇಷ್ಟ್ರು ಕತೆ ನಿಲ್ಲಿಸಿದರು. ಹಾಲೇಶನ ಮನಸ್ಸು ಕರಗಿತ್ತು. ಆದರೂ ಅವನು ಬಂದದ್ದು ಒಂದು ಪ್ರಶ್ನೆ ಹೊತ್ತು.

"ಕತೆ ಚೆನ್ನಾಗಿದೆ ಮೇಷ್ಟ್ರೇ" ಎಂದ. "ಆದರೆ ನನ್ನ ಪ್ರಶ್ನೆಗೆ ಉತ್ತರ ಸಿಗಲಿಲ್ಲ. ಎಂಟು ದಿನದಿಂದ ನಾನು ಒಂದೂ ತಪ್ಪು ಮಾಡಿಲ್ಲವೇ?"

ಮೇಷ್ಟ್ರು ಅವನ ತುಟಿಯಿಂದ ಕಣ್ಣು ತೆಗೆದು, ಹಲಗೆಯ ಮೇಲಿದ್ದ ತಮ್ಮ ಬರಿಗಾಲನ್ನು ನೋಡಿಕೊಂಡರು.

"ಆ ರಬ್ಬರ್ ತೆಗೆದು ಇನ್ನೊಂದು ಸಲ ನುಡಿಸಪ್ಪ; ಎಂಟು ದಿನದಿಂದ ನೀನು ನುಡಿಸಿದ್ದು ನನಗೆ ಕೇಳಿಯೇ ಇಲ್ಲ."