ನಿಂಗಿಯ ಎದುರುಗಾಳಿ

ಕಾಲು ಆಡಿಸಬೇಡ, ಹೊದಿಕೆಯೆಲ್ಲ ಜಾರುತ್ತೆ. ಹಾಸಿಗೇಲೂ ಸೈಕಲ್ ತುಳೀತೀಯಲ್ಲ ನೀನು! ಸುಮ್ಮನೆ ಕೇಳು.

ಒಂದಾನೊಂದು ಕಾಲದಲ್ಲಿ, ರಾಜರೂ ಸೈಕಲ್ ಇಟ್ಕೊಂಡಿದ್ದ ಕಾಲದಲ್ಲಿ, ಒಂದು ಬಯಲೂರಲ್ಲಿ ಮೂರು ಮಕ್ಕಳಿದ್ದರಂತೆ. ದೊಡ್ಡವನು ಕೆಂಪಣ್ಣ, ನಡುವಿನವಳು ದೇವೀರಿ, ಕಿರಿಯವಳು ನಿಂಗಿ. ಅಪ್ಪ ಅಮ್ಮ ಇರಲಿಲ್ಲವಂತೆ, ಮೂರು ಸೈಕಲ್ ಇದ್ದವಂತೆ. ದಿನಾ ಬೆಳಗಾದರೆ ಸಾಲಾಗಿ ಹುಣಸೆಮರದ ತನಕ ತುಳಿಯೋರಂತೆ, ಮುಂದೆ ಕೆಂಪಣ್ಣ, ಅವನ ಬೆನ್ನಿಗೆ ದೇವೀರಿ, ಕೊನೇಲಿ ನಿಂಗಿ. ಮರ ಹತ್ತಿರ ಬಂತು ಅನ್ನುವಾಗ ನಿಂಗಿ ಸರ್ರಂತ ಪಕ್ಕಕ್ಕೆ ಬಂದು ಇಬ್ಬರನ್ನೂ ಹಿಂದೆ ಹಾಕಿ ಗೆದ್ದುಬಿಡೋಳಂತೆ. ಅವರಿಗೆ ಏದುಸಿರು, ಇವಳಿಗೆ ಬೆವರೂ ಇಲ್ಲ. ನನ್ನಂಥೋಳು ಯಾರಿದ್ದಾರೆ ಅಂತ ಜಂಬ ಬೇರೆ! ಅವರಿಬ್ಬರೂ ನಕ್ಕು ಸೈಕಲ್ ತಿರುಗಿಸೋರಂತೆ.

ಆ ಸೀಮೆ ರಾಜನ ಹತ್ತಿರ ಒಂದು ಸೈಕಲ್ ಪಡೆ ಇತ್ತಂತೆ. ಅದಕ್ಕೆ ಸೇರಿದರೆ ಪಂದ್ಯದಲ್ಲಿ ತುಳಿಯೋದೇ ಕಸುಬು, ಊಟ ಬಟ್ಟೆ ಎಲ್ಲ ಅರಮನೇದು. ಆದರೆ ಸೇರಿದ ಮೇಲೆ ಸಾಲು ತಪ್ಪಿ ಹಿಂದೆ ಬಿದ್ದರೋ, ಸೈಕಲ್ ಕಿತ್ಕೊಂಡು ಮನೆಗೆ ಅಟ್ಟೋರಂತೆ, ಮತ್ತೆ ಯಾವತ್ತೂ ಬಾಗಿಲು ತೆಗೀತಿರಲಿಲ್ಲವಂತೆ. ದೂತ ಬಂದು ಕೆಂಪಣ್ಣನ್ನ ಕರೆದ, ಅವನು ಹೋದ. ಆಮೇಲೆ ದೇವೀರಿ, ಅವಳೂ ಹೋದಳು. ಆಮೇಲೆ ನಿಂಗೀನೂ ಬಾ ಅಂದನಂತೆ. ನಾಳೇನೇ ಹೊರಡ್ತೀನಿ ಅಂದವಳು, ಒಂದು ಸಲ ಮರ ಮುಟ್ಟಿ ಬರೋಣ ಅಂತ ಒಬ್ಬಳೇ ಸೈಕಲ್ ಹತ್ತಿದಳಂತೆ.

ಅವತ್ತು ಗೊತ್ತಾಯ್ತು ನೋಡು ಅವಳಿಗೆ, ಗಾಳಿ ಅಂದರೇನು ಅಂತ. ಎದೆ ಮೇಲೆ ಕೈಯಿಟ್ಟು ತಳ್ಳಿದ ಹಾಗೆ. ಇಷ್ಟು ದಿನ ಅದನ್ನೆಲ್ಲ ಅಣ್ಣ ಅಕ್ಕ ತಾವು ತಿಂದು, ಇವಳಿಗೆ ಬರೀ ದಾರಿ ಬಿಟ್ಟುಕೊಟ್ಟಿದ್ದರು. ಅರ್ಧ ದಾರೀಲೇ ಇಳಿದು ಕೂತು ಅತ್ತಳಂತೆ, ಪಾಪ. ಸುಸ್ತಾಗಿದ್ದಕ್ಕಲ್ಲ ಮಗಾ, ಮುಂದೆ ಯಾರ ಬೆನ್ನೂ ಕಾಣಲಿಲ್ಲವಲ್ಲ, ಅದಕ್ಕೆ.

ಹೀಗೆ ಹೋದರೆ ಹಿಂದೆ ಬೀಳೋದೇ ಅಂದ್ಕೊಂಡು, ಈಗ ಬರಲ್ಲ ಅಂತ ದೂತನ್ನ ಕಳಿಸಿಬಿಟ್ಟಳಂತೆ. ಆಮೇಲೆ ಒಬ್ಬಳೇ ಉಣ್ಣೋದು, ಒಂದೇ ತಟ್ಟೆ ತೊಳೆಯೋದು, ಒಬ್ಬಳೇ ತುಳಿಯೋದು. ಮಾತಾಡೋಕೆ ಆ ಗಾಳಿ ಬಿಟ್ಟರೆ ಯಾರಿದ್ದಾರೆ? ಮಾರನೇ ವರ್ಷ ದೂತ ಮತ್ತೆ ಬಂದನಂತೆ. ಅಣ್ಣ ಅಕ್ಕನ್ನ ನೋಡೋ ಆಸೆಗೆ ಹೂಂ ಅನ್ನೋದು ಬಾಯಿತನಕ ಬಂದಿತ್ತಂತೆ. ಆದರೆ ಅವರ ಬೆನ್ನ ಹಿಂದೆ ಅಡಗೋಕೆ ತಾನೇ ನಾನು ಹೊರಟಿರೋದು ಅನ್ನಿಸಿ, ನುಂಗಿಕೊಂಡಳಂತೆ.

ಹೀಗಿರುವಾಗ ದೇವೀರಿ ನಾಲ್ಕು ದಿನದ ರಜೆ ಮೇಲೆ ಊರಿಗೆ ಬಂದಳಂತೆ, ಮುಖ ಸೊರಗಿತ್ತು. ಇಬ್ಬರೂ ಸೈಕಲ್ ಹತ್ತಿದರು, ಯಾರೂ ಹೇಳದೇನೇ ನಿಂಗಿ ಮುಂದಾದಳಂತೆ. ಮರದ ಹತ್ತಿರ ತಿರುಗಿ ನೋಡಿದರೆ ಅಕ್ಕನ ಕಣ್ಣಲ್ಲಿ ನೀರು. ಏನಾಯ್ತಕ್ಕ ಅಂದರೆ, ಏನಿಲ್ಲ ಕಣೇ, ನಿನ್ನ ಹಿಂದೆ ಗಾಳೀನೇ ಇರಲಿಲ್ಲ, ಹೀಗೆ ಸುಧಾರಿಸಿಕೊಂಡು ಎಷ್ಟು ದಿನ ಆಗಿತ್ತೋ ಅಂದಳಂತೆ.

ಮೂರನೇ ಸಲ ದೂತ ಬಂದಾಗ ನಿಂಗಿ ಸೈಕಲ್ ಒರೆಸಿಕೊಂಡು ಬಾಗಿಲಲ್ಲೇ ನಿಂತಿದ್ದಳಂತೆ. ಸಾಲಲ್ಲಿ ಎಲ್ಲಿರ್ತೀಯಮ್ಮ ಅಂತ ಅರಮನೇಲಿ ಕೇಳಿದರೆ, ಎಲ್ಲರಿಗಿಂತ ಮುಂದೆ ಅಂದಳಂತೆ. ಅವತ್ತಿಂದ ಅವಳ ಮುಂದೆ ಯಾವ ಬೆನ್ನೂ ಇರಲಿಲ್ಲ, ಹಿಂದೆ ಮಾತ್ರ ಅಣ್ಣ ಅಕ್ಕ ಇಬ್ಬರ ಉಸಿರು ಕೇಳಿಸ್ತಿತ್ತಂತೆ. ಗೆಲ್ಲೋ ಗೆರೆ ಹತ್ತಿರ ಬಂದಾಗ ಅವರೇ ಸರ್ರಂತ ಮುಂದೆ ಹೋಗೋರಂತೆ, ಇವಳು ಏದುಸಿರು ಬಿಡ್ತಾ ನಗೋಳಂತೆ. ರಾತ್ರಿ ತೊಳೆಯೋಕೆ ಮೂರು ತಟ್ಟೆ.

ಕತೆ ಮುಗೀತು, ಸೈಕಲ್ ಗೋಡೆಗೊರಗಿತು. ಈಚೆ ಸರಿ, ಗಾಳಿ ಬರೋ ಕಿಟಕಿ ಕಡೆ ನಾನು ಮಲಗ್ತೀನಿ. ನೀನು ನನ್ನ ಬೆನ್ನಿಗೆ ಅಂಟಿಕೊಂಡು ಮಲ್ಕೋ.