ಕಿವಿಗೆ ಹಾಕಿದ ಅಫೀಮು

ಯುದ್ಧದ ಡೇರೆಯಲ್ಲಿ ನೋವು ಮರೆಸುವ ಅಫೀಮು ಮುಗಿದುಹೋಗಿತ್ತು. ತೊಡೆಗೆ ಬಾಣ ನಾಟಿದ ಕಾಲಾಳು ಬೊಮ್ಮ, "ಕೊಂದುಬಿಡ್ರಪ್ಪಾ" ಅಂತ ಅರಚುತ್ತಿದ್ದ. ಬಾಣ ಕೀಳಲು, ದಂಡಿನವರ ಗಾಯ ನೋಡುವ ಕ್ಷೌರಿಕ ಕೈಹಾಕಿದ್ದೇ ತಡ, ಆಸ್ಥಾನ ಪಂಡಿತರು ಅಡ್ಡ ಬಂದರು.

"ನಿಲ್ಲೋ! ಇದು ಶಲ್ಯತಂತ್ರ. ಆ ಪದ ಹೇಗೆ ಹುಟ್ಟಿತು ಅಂತ ತಿಳಿಯದವನು ಗಾಯ ಮುಟ್ಟಕೂಡದು."

"ನಂಗೆ ತಿಳೀದು ಸ್ವಾಮಿ. ಇವನ ಕಿವಿ ಹತ್ರ ಕೂತು ನಿಧಾನವಾಗಿ ಹೇಳಿ."

ಪಂಡಿತರು ಶುರುಮಾಡಿದರು. ಶಲ್ಯ ಅಂದರೆ ಮೈಯೊಳಗೆ ನಾಟಿದ ಬಾಣ, ಮುಳ್ಳು. ಅದನ್ನು ಕೀಳುವ ವಿದ್ಯೆಯೇ ಶಲ್ಯತಂತ್ರ. ಆಮೇಲೆ ಧಾತು ಬಂತು, ಪ್ರತ್ಯಯ ಬಂತು, ಅದಕ್ಕೊಂದು ಶ್ಲೋಕವೂ ಬಂತು. ಬೊಮ್ಮನ ಅರಚಾಟ ಆಕಳಿಕೆಗೆ ಇಳಿಯಿತು. ಆಮೇಲೆ ಗೊರಕೆ. ಕ್ಷೌರಿಕ ಸರಕ್ಕನೆ ಬಾಣ ಕಿತ್ತ.

ಪಂಡಿತರು ಬೆಚ್ಚಿಬಿದ್ದು ಬಾಯಿ ಮುಚ್ಚಿದರು.

"ನಿಲ್ಲಿಸಬೇಡಿ ಸ್ವಾಮಿ," ಕ್ಷೌರಿಕ ರಕ್ತದ ಕೈ ಮುಗಿದ. "ಹೊರಗೆ ಇನ್ನೂ ಸಾಲಾಗಿ ಬಿದ್ದಿದ್ದಾರೆ. ಮುಂದಿನವನು ನನ್ನ ಮಗ."